ಹಿಕ್ಕೆ ಎಣಿಸೋ ಸುಬೇದಾರ

ಸರ್ವೆ ಕ್ಯಾಂಪು, ಕಾಡಂಚು
ಒಂಬತ್ತನೇ ತಾರೀಖು, ಭಾನುವಾರ

ಪ್ರೀತಿಯ ಅಕ್ಕಾ,

ಕಣ್ಣು ಹೇಗಿದೆ? ಆಪರೇಷನ್ ಆದ್ಮೇಲೆ ಓದಬಾರದು ಅಂದಿದಾರಲ್ಲ, ಅದಕ್ಕೇ ಈ ಸಲ ಕಾಗದಾನ ಬಾಯಲ್ಲೇ ಹೇಳಿ ಫೋನಿಗೆ ಹಾಕ್ತಿದೀನಿ. ಹಾಗಂತ ತಾರೀಖು ಬಿಡ್ತೀನಾ? ಸೈನ್ಯದಲ್ಲಿ ತಲೆಗೂದಲು ಉದುರಿಸ್ಕೊಂಡೋನು. ಡ್ರಾಪ್ಸ್ ಹೊತ್ತಿಗೆ ಸರಿಯಾಗಿ ಹಾಕ್ಕೋತಿದೀಯ ತಾನೇ? ಭಾವನ ಕೈಲಿ ಹಾಕಿಸ್ಕೋಬೇಡ, ಅವರು ಕಣ್ಣು ಅಂತ ಕೆನ್ನೆಗೆ ಬಿಡ್ತಾರೆ.

ಸರಿ, ಜಗಳಕ್ಕೆ ಬರೋಣ. ನೆಂಟರ ಮುಂದೆ ನೀನು ಅಂದಿದ್ದು ನನ್ನ ಕಿವಿಗೂ ಬಿತ್ತು: "ಸಲ್ಯೂಟ್ ಹೊಡೆಸ್ಕೋತಿದ್ದೋನು ಈಗ ಜಿಂಕೆ ಹಿಕ್ಕೆ ಎಣಿಸ್ತಾನಂತೆ!" ಎಣಿಸ್ತೀನಿ ಕಣೇ. ಹಿಕ್ಕೆ ಎಣಿಸಿದ್ರೇನೇ ಕಾಡಲ್ಲಿ ಜಿಂಕೆ ಎಷ್ಟಿದಾವೆ ಅಂತ ಅಂದಾಜು ಸಿಗೋದು. ಹಾಜರಿ ಕೂಗಿದ್ರೆ ಅವೇನು ಸಾಲಾಗಿ ನಿಂತ್ಕೋತಾವಾ? ಖಾಯಂ ಕೆಲಸ ಅಲ್ಲ, ನಿಜ. ಕರೆದಾಗ ಬ್ಯಾಗು ಹೆಗಲಿಗೆ, ಮುಗಿದಾಗ ಮನೆಗೆ. ಭಾವ ನೋಡಿಟ್ಟಿರೋ ಗೋದಾಮಿನ ಕಾವಲು ಕೆಲಸಕ್ಕೆ ನಾಳೆ ಸೋಮವಾರ ಸೇರದೇ ಇದ್ರೆ ನಿನ್ನ ಮನೆ ಬಾಗಿಲು ತುಳೀಬಾರದು ಅಂದೆಯಂತೆ. ಅದೂ ಬಿತ್ತು ಕಿವಿಗೆ.

ಮೊದಲ ಸಲ ಇಲ್ಲಿಗೆ ಬಂದಾಗ ಮಾನ ಕಳ್ಕೊಂಡಿದ್ದೆ, ಅದನ್ನೂ ಹೇಳ್ತೀನಿ, ನಗು. ಪ್ರಾಣಿ ಓಡಾಡೋ ದಾರೀಲಿ ಕ್ಯಾಮೆರಾ ಕಟ್ಟಿ ಅಂದ್ರು. ಮುಂದೆ ಏನಾದ್ರೂ ಅಲ್ಲಾಡಿದ್ರೆ ತಾನಾಗೇ ಫೋಟೋ ತೆಗೆಯುತ್ತೆ. ನಾನೋ, ಶತ್ರುವಿಗೆ ಕಾಣಬಾರದು ಅನ್ನೋ ಹಾಗೆ ಸೊಪ್ಪು ಮುಚ್ಚಿ ಮರೆಮಾಡಿದ್ದೆ. ವಾರ ಬಿಟ್ಟು ನೋಡಿದ್ರೆ ಸಾವಿರಾರು ಫೋಟೋ, ಎಲ್ಲಾದ್ರಲ್ಲೂ ಗಾಳಿಗೆ ಕುಣಿಯೋ ಎಲೆ! ನಮ್ಮ ಸರ್ವೆ ಮೇಡಂ, ನಿನ್ನ ಮಗಳ ವಯಸ್ಸು, "ಅಂಕಲ್, ಕರಡಿ ಗುಂಡು ಹಾರಿಸಲ್ಲ" ಅಂದ್ಲು. ಕ್ಯಾಂಪಿಗೆ ಕ್ಯಾಂಪೇ ಹೊಟ್ಟೆ ಹಿಡ್ಕೊಂಡು ನಕ್ತು.

ಮೊನ್ನೆ ಬೆಳಗ್ಗೆ ಪೊದೆ ಅಲ್ಲಾಡ್ತು. ಸೈನ್ಯದಲ್ಲಿ ಇಷ್ಟು ವರ್ಷ ಪೊದೆ ಅಲ್ಲಾಡಿದ್ರೆ ತಲೇಲಿ ಇದ್ದಿದ್ದು ಒಂದೇ: ಅವನೋ, ನಾನೋ. ಈ ಸಲ ಹೊರಗೆ ಬಂದಿದ್ದು ಹೆಣ್ಣು ಕರಡಿ, ಬೆನ್ನ ಮೇಲೆ ಮರಿ. ಹೆಗಲ ಮೇಲಿಲ್ಲದ ಬಂದೂಕಿಗೆ ಕೈ ಹೋಯ್ತು, ಸುಳ್ಳು ಹೇಳಲ್ಲ. ಅದು ಮೂಗೆತ್ತಿ ನನ್ನ ವಾಸನೆ ಹಿಡಿದು, ಇವನ ಹತ್ರ ಏನು ಮಾತು ಅನ್ನೋ ಹಾಗೆ ತಿರುಗಿ ಹೋಯ್ತು. ಬರ್ಕೊಂಡೆ: ಕರಡಿ ಒಂದು, ಮರಿ ಒಂದು. ಎಲ್ಲರೂ ಕ್ಷೇಮ. ಸರ್ವಿಸ್‌ನಲ್ಲಿ ಇಂಥ ವರದಿ ಎಷ್ಟು ಸಲ ಬರೆದಿದೀನಿ, ನೀನೇ ಹೇಳು. ಇನ್ನು ಗೇಟಿನ ಪಕ್ಕ ಸ್ಟೂಲ್ ಹಾಕ್ಕೊಂಡು ಲಾರಿ ನಂಬರ್ ಬರೆಯೋಕೆ ನನ್ನ ಕೈಲಾಗಲ್ಲ. ನೀನು ಬೈದ್ರೂ ಆಗಲ್ಲ, ಅತ್ರೂ ಆಗಲ್ಲ.

ಭಾವನಿಗೆ ನಮಸ್ಕಾರ, ಮಕ್ಕಳಿಗೆ ಆಶೀರ್ವಾದ. ಕಣ್ಣು ಉಜ್ಜಬೇಡ.

ಇಂತಿ, ನೀನೇ ಸಾಕಿ ಬೆಳೆಸಿದ ಮೊಂಡ,
ತಮ್ಮ

ಹಾಂ, ಇರು ಇರು, ಇನ್ನೊಂದು ಮಾತು. ಗೋದಾಮಿನೋರಿಗೆ ಸ್ವಂತ ಬಂದೂಕು, ಲೈಸೆನ್ಸ್ ಇರೋನೇ ಬೇಕಂತಲ್ಲ? ನಿನ್ನೆ ರಜೆ ಕೇಳಿ ಹೋಗಿ ನನ್ನವೆರಡನ್ನೂ ಪೊಲೀಸ್ ಸ್ಟೇಷನ್ನಿಗೆ ಒಪ್ಪಿಸಿ ಬಂದೆ. ಇನ್ನು ನಾನು ಹೂಂ ಅಂದ್ರೂ ಅವರು ಊಹೂಂ ಅಂತಾರೆ. ನಾಳೆ ನೇರ ನಿನ್ನ ಮನೆಗೇ ಬರ್ತೀನಿ. ಬಾಗಿಲು ತೆಗೀದೇ ಇದ್ರೆ ಮೆಟ್ಟಿಲ ಮೇಲೆ ಕೂತಿರ್ತೀನಿ. ಸದ್ದು ಮಾಡದೆ ಕಾಯೋದನ್ನ ಸೈನ್ಯಾನೂ ಕಲಿಸಿದೆ, ಕಾಡೂ ಕಲಿಸಿದೆ.