ಏಳು ರಾಜರು, ಹಾಸ್ಯಕ್ಕೆ ಒಬ್ಬನೂ ಇಲ್ಲ

ಹುಲಿಹೈದರ, 1979

ಮಹಾಜನರೇ, ತಾಯಂದಿರೇ, ಹಿಂದೆ ಬೇವಿನ ಮರ ಹತ್ತಿ ಕುಳಿತವರೇ, ಗದ್ದಲ ನಿಲ್ಲಿಸಿ! ಈ ಕಾಗದದ ಸಭೆಗೆ ಬಂದಿರುವ ಏಕೈಕ ಪ್ರೇಕ್ಷಕರಾದ ಶಾಹಜಾದಬಿ ಆಪಾ, ನಿಮಗೆ ಈಶಪ್ಪ ಮಾಸ್ತರನ ನಮಸ್ಕಾರ.

ನಮ್ಮ ನಾಟಕಕ್ಕೆ ಅಂಗಿಗಳನ್ನು ಹೊಲಿದುಕೊಟ್ಟು ನೀವು ಮಗಳ ಬಾಣಂತನಕ್ಕೆಂದು ಕುಷ್ಟಗಿಗೆ ಹೋದಿರಿ. ನಿನ್ನೆಯ ಆಟ ನಿಮ್ಮ ಕಣ್ಣಿಗೆ ತಪ್ಪಿತು. ಅದಕ್ಕೇ ಈ ಪತ್ರ.

ಪಾತ್ರ ಹಂಚಿದ ದಿನ ನೆನಪಿದೆಯೇ? ರಾಜ, ಮಂತ್ರಿ, ಖಳ, ಹಾಸ್ಯ ಎಂದು ನಾಲ್ಕು ಗುಂಪು. ಹೊಸಬರು ಹನ್ನೆರಡು ಮಂದಿ. ನಾನು ಹಿಡಿದ ಒರೆಗಲ್ಲು ಒಂದೇ, ಮೀಸೆ! ನಮ್ಮ ಕಡೆ ಮೀಸೆಗೇನು ಬರವೇ? ಏಳು ಜನ ರಾಜರಾದರು, ಹಾಸ್ಯಕ್ಕೆ ಒಬ್ಬನೂ ಉಳಿಯಲಿಲ್ಲ. ನೀವು ಬಾಯಲ್ಲಿದ್ದ ಸೂಜಿ ತೆಗೆದು ಕೇಳಿದಿರಿ: "ಏಳು ರಾಜರು ಕೂಡಿ ಯಾರನ್ನ ಆಳವ್ರು, ಮಾಸ್ತರ? ನನ್ನನ್ನ?"

ಆಮೇಲೆ ಇಬ್ಬಿಬ್ಬರನ್ನು ಎದುರುಬದುರು ನಿಲ್ಲಿಸಿ ಹೋಲಿಸಿದೆ. ಹಾಗೆ ಎದುರಾದ ಹೊಸಬರು ವೆಂಕೋಬ, ವಿರುಪಣ್ಣ ಇಂದಿಗೂ ಒಬ್ಬರೊಡನೊಬ್ಬರು ಮಾತಾಡುತ್ತಿಲ್ಲ.

ಆಗ ನೀವು ದಾರಿ ತೋರಿದಿರಿ. "ಅಳತಿ ಕೊಡದs ಅಂಗಿ ಹೊಲಿ ಅಂದ್ರ ನಾ ಏನ್ ಕೇಳ್ತೀನಿ? ಯಾರಂಗ ಅದಾನ ಅಂತ. ಹಳೇ ನಟರು ಹತ್ತು ಮಂದಿ ಅದೀರಿ. ಹೊಸಬನ ದನಿ, ನಡಿಗಿ ಯಾವ ಮೂವರಿಗೆ ಹತ್ತರ ನೋಡ್ರಿ. ಆ ಮೂವರಾಗ ಇಬ್ರದು ಯಾವ ಪಾತ್ರನೋ, ಇವಂದೂ ಅದs. ಮೊದ್ಲ ನಿಮ್ಮ ಹತ್ತು ಮಂದಿ ಮ್ಯಾಲೇ ಹಚ್ಚಿ ನೋಡ್ರಿ, ಒಬ್ಬೊಬ್ಬನ್ನ ಉಳಿದ ಒಂಬತ್ತು ಮಂದಿಗೆ ಹೋಲಿಸಿ; ನಿಮ್ಮ ಉತ್ತರ ಗೊತ್ತೈತಲ್ಲ."

ಹಚ್ಚಿದೆವು. ಹತ್ತು ಹಳಬರಲ್ಲಿ ನನ್ನ ಮೀಸೆ ನಾಲ್ವರನ್ನು ಸರಿಯಾಗಿ ಗುರುತಿಸಿತು. ನಿಮ್ಮ ಪದ್ಧತಿ ಒಂಬತ್ತು ಮಂದಿಯನ್ನು. ತಪ್ಪಿದ ಆ ಒಬ್ಬ ಯಾರು? ನಾನು! ಹದಿನಾಲ್ಕು ವರ್ಷದಿಂದ ರಾಜನ ವೇಷ ಹಾಕಿದ ನನಗೆ ಹತ್ತಿರ ಬಂದವರು ಇಬ್ಬರು ಹಾಸ್ಯಗಾರರು, ಒಬ್ಬ ಮಂತ್ರಿ. "ನಿಮ್ಮ ಅಳತಿ ತಪ್ಪೈತಿ!" ಎಂದು ಗುಡುಗಿದೆ. ನೀವು ಹಲ್ಲಲ್ಲಿ ದಾರ ಕಡಿದಿರಿ: "ಅಳತಿ ತಪ್ಪಿಲ್ರಿ. ಹದಿನಾಕು ವರ್ಷದಿಂದ ಪಾತ್ರ ತಪ್ಪೈತಿ."

ಎರಡು ದಿನ ಮುನಿಸಿಕೊಂಡು ಕುಳಿತೆ, ಆಪಾ. ರಾಜಪಾತ್ರ ಬಿಟ್ಟರೆ ಈಶಪ್ಪನೆಂದು ಯಾರು ಕರೆದಾರು? ಆದರೆ ಒಂದು ಮಾತು ಚುಚ್ಚುತ್ತಲೇ ಇತ್ತು. ನಾನು ರಣರಂಗದಲ್ಲಿ ಸತ್ತಾಗಲೆಲ್ಲ ಜನ ನಗುತ್ತಿದ್ದರು. ಅವರಿಗೆ ರಸ ತಿಳಿಯದು ಎಂದುಕೊಂಡಿದ್ದೆ!

ನಿನ್ನೆ ಹೊಸಬರೆಲ್ಲ ನಿಮ್ಮ ಪದ್ಧತಿ ಕೊಟ್ಟ ಪಾತ್ರದಲ್ಲಿ ನಿಂತರು, ನಾನೂ ಹಾಸ್ಯಗಾರನಾಗಿ ಕಾಲಿಟ್ಟೆ. ಬಾಯಿ ತೆರೆಯುವ ಮೊದಲೇ ಚಪ್ಪಾಳೆ. ಮುಂದಿನ ಸಾಲಿನ ಮುದುಕಿ ಗಾಳೆಮ್ಮ ನಕ್ಕು ನಕ್ಕು ಕಣ್ಣೊರೆಸಿಕೊಂಡು, "ಇಷ್ಟು ದಿನ ಎಲ್ಲಿ ಸತ್ತಿದ್ದ್ಯೋ ಈಶ್ಯಾ!" ಎಂದು ಕೂಗಿದಳು. ಅಂಥ ಬಿರುದು ಯಾವ ರಾಜನಿಗೂ ಸಿಕ್ಕಿಲ್ಲ.

ಬಾಣಂತಿ ಸುಖವಾಗಿರಲಿ, ಕೂಸು ನೂರು ವರ್ಷ ಬಾಳಲಿ. ನಿನ್ನೆ ತೊಟ್ಟದ್ದು ಎರವಲು ಅಂಗಿ, ಆಪಾ. ಮುಂದಿನ ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಕುಷ್ಟಗಿಗೆ ಬರುತ್ತೇನೆ, ನನ್ನದೇ ಅಂಗಿಗೆ ಅಳತೆ ಕೊಡಲು.

ನಿಮ್ಮ ತಮ್ಮ,
ಹಾಸ್ಯಗಾರ ಈಶಪ್ಪ