ಖುದ್ದಾಗಿ ಬಂದು ಸಹಿ ಹಾಕಬೇಕಾದ ಸೈನಿಕ

ಮಾನ್ಯರೇ,

ವಿದೇಶದಲ್ಲಿ ಸಿಕ್ಕಿಬಿದ್ದವರನ್ನು ಕರೆತರುವುದಕ್ಕೆಂದೇ ನೇಮಕವಾದ ಅಧಿಕಾರಿಗಳು ತಾವು. ನಮ್ಮ ಮಹಡಿಯ ಬಾಡಿಗೆದಾರ ಮೌನೇಶನನ್ನು ಕರೆಸಿಕೊಡಿ ಎಂದು ಅವನ ಹೆಂಡತಿ ರಾಜಶ್ರೀ ಕೊಟ್ಟ ಅರ್ಜಿಗೆ ತಾವು ನಾಲ್ಕು ತಿಂಗಳ ಮೇಲೆ ದಯಪಾಲಿಸಿದ ಉತ್ತರ ಇದು: 'ಸದರಿ ವ್ಯಕ್ತಿಯು ಕಚೇರಿಗೆ ಖುದ್ದಾಗಿ ಹಾಜರಾಗಿ ಅರ್ಜಿಗೆ ಸಹಿ ಮಾಡತಕ್ಕದ್ದು.' ಅಲ್ಲ ಸ್ವಾಮಿ, ಅವನು ಬನಶಂಕರಿಯಲ್ಲಿ ಮೆಟ್ರೋ ಹತ್ತಿ ತಮ್ಮ ಕೌಂಟರಿಗೆ ಬರುವ ಹಾಗಿದ್ದರೆ ಈ ಅರ್ಜಿಯಾದರೂ ಯಾಕೆ ಬೇಕಿತ್ತು?

ಮೌನೇಶ ಯಾದಗಿರಿ ಕಡೆಯವನು. ಬಿಟಿಎಂನ ಒಂದು ಕ್ಯಾಂಟೀನಿನಲ್ಲಿ ಅಡುಗೆ ಮಾಡುತ್ತಿದ್ದ. ಹೊರದೇಶದಲ್ಲೂ ಅಡುಗೆ ಕೆಲಸವೇ ಎಂದು ಏಜೆಂಟ್ ಕರೆದುಕೊಂಡು ಹೋದ. ಓದಲು ಬಾರದ ಭಾಷೆಯ ಕಾಗದಕ್ಕೆ ಸಹಿ ಹಾಕಿಸಿದರು. ಹದಿನೈದನೇ ದಿನ ಕೈಗೆ ಬಂದೂಕು ಬಂತು. ಈಗ ಯುದ್ಧ ನಿಂತು ಐದು ತಿಂಗಳು, ಆದರೂ ಆ ಸೈನ್ಯ ಅವನನ್ನು ಶಿಬಿರದಿಂದ ಬಿಟ್ಟಿಲ್ಲ. ಫೋನಿನಲ್ಲಿ ತಾವು ನನಗೆ ಹೇಳಿದ್ದು ನೆನಪಿದೆಯೇ? "ಯುದ್ಧ ಮುಗೀತಲ್ಲ ಮೇಡಂ, ಊಟ ತಿಂಡಿ ಎಲ್ಲಾ ಅವರೇ ಕೊಡ್ತಾರೆ. ಆರಾಮಾಗಿದಾನೆ ಬಿಡಿ."

ಆ ಆರಾಮ ಹೇಗಿದೆ ಕೇಳಿ. ಬೆಳಿಗ್ಗೆ ಐದಕ್ಕೆ ಹಿಮದಲ್ಲಿ ನಿಂತು ಹಾಜರಿ. ಆಮೇಲೆ ಸತ್ತವರ ಬೂಟುಗಳನ್ನು ಅಳತೆ ನೋಡಿ ಜೋಡಿ ಮಾಡಿ ಕಟ್ಟಬೇಕು. ಮಧ್ಯಾಹ್ನದವರೆಗೆ ಅದೇ ಕೆಲಸ. ನಂತರ ಆಲೂಗಡ್ಡೆ ಸುಲಿಯುವುದು. ಸಂಜೆ ಮತ್ತೆ ಹಾಜರಿ. ಕೂಗುವವನ ಬಾಯಿಗೆ ಇವನ ಹೆಸರು ಇಂದಿಗೂ ಹತ್ತಿಲ್ಲ. ಒಂದು ದಿನ ಸಿಕ್ಕಿದ ಹಿಟ್ಟಿನಲ್ಲಿ ರೊಟ್ಟಿ ತಟ್ಟಲು ಹೋಗಿ, ಅದು ಹರಿದುಹೋಯಿತೆಂದು ಫೋನಿನಲ್ಲಿ ಅತ್ತುಬಿಟ್ಟ, ಮೂವತ್ತು ದಾಟಿದ ಗಂಡಸು. ಬರುವ ಒಂದನೇ ತಾರೀಖಿನಿಂದ, ತಂತಮ್ಮ ದೇಶದಿಂದ ಕರೆಸಿಕೊಳ್ಳುವ ಪತ್ರ ಬಾರದವರನ್ನೆಲ್ಲ ಹೊಲಗಳಲ್ಲಿ ಹೂತಿರುವ ನೆಲಬಾಂಬ್ ತೆಗೆಯಲು ಕಳಿಸುತ್ತಾರಂತೆ. ಆ ಪಟ್ಟಿಯಲ್ಲಿ ಮೌನೇಶನೂ ಇದ್ದಾನೆ.

ತಮ್ಮ ಆ 'ಖುದ್ದಾಗಿ ಹಾಜರಾಗಿ' ಎಂಬ ವಾಕ್ಯ ಕಂಡರೆ ನನಗೆ ಮೈ ಉರಿಯಲು ಇನ್ನೊಂದು ಕಾರಣವಿದೆ. ನಾನೂ ಇಪ್ಪತ್ತೆಂಟು ವರ್ಷ ಸರ್ಕಾರಿ ಗುಮಾಸ್ತೆಯಾಗಿದ್ದವಳು. ಅರ್ಜಿಯನ್ನು ಪೂರ್ತಿ ಓದದೆ ಎಷ್ಟು ಜನರಿಗೆ ಅದನ್ನೇ ಟೈಪ್ ಮಾಡಿ ಕಳಿಸಿದ್ದೇನೋ! ಈಗ ನಾಚಿಕೆಯಾಗುತ್ತದೆ. ಆದರೆ ಅಲ್ಲಿದ್ದುದರಿಂದಲೇ ಗೊತ್ತು, ವಿನಾಯಿತಿ ಕೊಡುವ ಅಧಿಕಾರ ತಮ್ಮ ಪೆನ್ನಿನಲ್ಲೇ ಇದೆ. ರೂಲ್ಸು ಗೀಲ್ಸು ಎಂದು ನನ್ನ ಹತ್ತಿರ ಕಾಗೆ ಹಾರಿಸಬೇಡಿ.

ನನ್ನ ಬೇಡಿಕೆ ಒಂದೇ. 'ಈತ ನಮ್ಮವನು, ಕಳಿಸಿಕೊಡಿ' ಎನ್ನುವ ಪತ್ರ ಶುಕ್ರವಾರದೊಳಗೆ ಹೋಗಬೇಕು. ಮೊನ್ನೆ ಅವನು "ಅಕ್ಕಾರ, ಪತ್ರ ಹೋತೇನ್ರಿ?" ಎಂದು ಕೇಳಿದ. ಪಕ್ಕದಲ್ಲಿ ರಾಜಶ್ರೀ ನನ್ನ ಮುಖವನ್ನೇ ನೋಡುತ್ತಿದ್ದಳು. "ಹೋಯ್ತಪ್ಪ, ಹೊರಡೋಕೆ ರೆಡಿಯಾಗು" ಎಂದುಬಿಟ್ಟೆ. ನಿನ್ನೆ ಮತ್ತೆ ಫೋನ್ ಮಾಡಿದ್ದ. ಊರಿಗೆ ಹೊರಟವನಿಗೆ ಯಾಕೆಂದು, ತನಗಿದ್ದ ಒಂದೇ ದಪ್ಪ ಕೋಟನ್ನು ಜೊತೆಯವನಿಗೆ ಕೊಟ್ಟುಬಿಟ್ಟಿದ್ದಾನೆ. "ಭಾಳ ಚಳಿ ಅದರಿ ಅಕ್ಕಾರ. ಇರ್ಲಿ, ನಾಕ್ ದಿನ ತಡಕೊಂತೀನಿ" ಎಂದ.

ಇಂತಿ,
ಹೇಳಬಾರದ ಸುಳ್ಳು ಹೇಳಿ ಕೂತಿರುವ ನಿವೃತ್ತ ಗುಮಾಸ್ತೆ,
ಸತ್ಯಭಾಮಾ, ಇಟ್ಟಮಡು