ಇಂದುಮುಖಿಯ ನಲವತ್ತೆರಡನೆಯ ಅಧ್ಯಾಯ

ಹಾವೇರಿ,
ಕ್ರಿಸ್ತಶಕ ೨೧೮೧, ಫೆಬ್ರವರಿ ಮೂವತ್ತು

‘ಹುರಿಗಾಳು’ ಎಂಬ ಹೆಸರಿನಲ್ಲಿ ಕಥೆ ಬರೆಯುತ್ತಿರುವ ಅಕ್ಕನವರಿಗೆ,

ತಾರೀಖು ನೋಡಿ ನಗಬೇಡಿ. ಹನ್ನೆರಡು ಮಕ್ಕಳಲ್ಲಿ ಒಂದಕ್ಕೇ ಯಾಕೆ ಕಡಿಮೆ ಬಡಿಸಬೇಕೆಂದು ನಮ್ಮ ಹಿರಿಯರು ಫೆಬ್ರವರಿಗೂ ಮೂವತ್ತು ದಿನ ಕೊಟ್ಟರು. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ನಿಮ್ಮ ಕಾಲದ ಕನ್ನಡವನ್ನು ನಾನು ಧಾರಾವಾಹಿ ನೋಡಿ ಕಲಿತವಳು, ಹಾಗಾಗಿ ಸಿಟ್ಟು ಬಂದಾಗಲೇ ಅದು ಸಲೀಸಾಗಿ ಬರುತ್ತದೆ. ನಮ್ಮಲ್ಲಿ ‘ಹಿಂದಂಚೆ’ ಎಂಬ ಕಚೇರಿಯಿದೆ. ಕಳೆದುಹೋದ ಕಾಲಕ್ಕೆ ಕಾಗದ ಒಯ್ಯುತ್ತದೆ. ಹೇಗೆಂದು ಕೇಳಬೇಡಿ, ಕಿಟಕಿಯಲ್ಲಿ ಕೂತವರಿಗೂ ಗೊತ್ತಿಲ್ಲ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ. ಹೆಚ್ಚಿನವರು ಅದನ್ನು ಮುತ್ತಜ್ಜನಿಗೆ ಬೈಯಲು ಬಳಸುತ್ತಾರೆ. ನಾನು ನನ್ನದನ್ನು ನಿಮಗೆ ಬರೆಯುತ್ತಿದ್ದೇನೆ, ಏಕೆಂದರೆ ನನ್ನ ಅವ್ವ ಹಾಸಿಗೆ ಹಿಡಿದಿದ್ದಾಳೆ, ಮತ್ತು ನೀವು ನಿಮ್ಮ ಕಥೆಯ ಇಂದುಮುಖಿಯನ್ನು ಬಸ್ಸಿನ ಮೆಟ್ಟಿಲ ಮೇಲೆ ಒಂಟಿಗಾಲಲ್ಲಿ ನಿಲ್ಲಿಸಿಬಿಟ್ಟಿದ್ದೀರಿ.

ನನ್ನ ಹೆಸರು ದಾನಮ್ಮ ಹುಣಸೀಕಟ್ಟಿ. ಅವ್ವ ಕಲ್ಯಾಣವ್ವನಿಗೆ ತೊಂಬತ್ತಮೂರು. ಐವತ್ತು ವರ್ಷ ಆಕೆ ಇಲ್ಲಿಯ ‘ಉಳಿಮನೆ’ ನೋಡಿಕೊಂಡವಳು. ನಿಮ್ಮ ಕಾಲದ್ದೆಂದು ಏನೇನು ಉಳಿದಿದೆಯೋ ಅದನ್ನೆಲ್ಲ ಇಟ್ಟಿರುವ ಮನೆ ಅದು. ಉಳಿದದ್ದಾದರೂ ಏನು? ಹೆಚ್ಚಾಗಿ ಧಾರಾವಾಹಿಗಳೇ. ‘ಏಳು ಮೆಟ್ಟಿಲ ಮನೆ’ಯಂತೂ ಸಾವಿರದ ಇನ್ನೂರು ಕಂತೂ ಗಟ್ಟಿಮುಟ್ಟಾಗಿ ಉಳಿದಿದೆ. ಅದನ್ನೇ ನೋಡಿ ನಮ್ಮ ಪಂಡಿತರು ಪಾಠ ಬರೆದರು. ಆ ಕಾಲದ ಹೆಂಗಸರು ಎರಡು ಬಗೆ, ಅಳುವವರು ಮತ್ತು ಬಾಗಿಲ ಸಂದಿಯಲ್ಲಿ ನಿಂತು ಕೇಳುವವರು. ಕೆಟ್ಟ ಸುದ್ದಿ ಬಂದರೆ ಅವರ ಮುಖ ಮೂರು ಸಲ ತಿರುಗುತ್ತಿತ್ತು, ಆಮೇಲೆ ಆಕಾಶ ಗುಡುಗುತ್ತಿತ್ತು. ರೇಷ್ಮೆ ಸೀರೆ, ಸೊಂಟದ ಡಾಬು ಸಮೇತ ಮಲಗುತ್ತಿದ್ದರು. ನಾವು ಶಾಲೆಯಲ್ಲಿ ಇದನ್ನು ಬಾಯಿಪಾಠ ಮಾಡಿದ್ದೇವೆ, ಅಕ್ಕಾ. ಉಳಿಮನೆಯಲ್ಲಿ ಒಂದು ಮಂಚ, ಮಂಚದ ಮೇಲೆ ಒಂದು ಬೊಂಬೆ. ಅವ್ವ ದಿನಾ ಬೆಳಿಗ್ಗೆ ಅದಕ್ಕೆ ಜರಿ ಸೀರೆಯ ನೆರಿಗೆ ತೀಡಿ, ಸರ ಹಾಕಿ, ಅದೇ ಅಲಂಕಾರದಲ್ಲಿ ಮಲಗಿಸುತ್ತಿದ್ದಳು. ಕುತ್ತಿಗೆ ನೋಯುವುದಿಲ್ಲವೇ ಎಂದು ಯಾರೂ ಕೇಳಲಿಲ್ಲ.

ಆಮೇಲೆ ಹಳೆಯ ಟ್ರಂಕಿನಲ್ಲಿ ಆ ನೋಟ್‌ಬುಕ್ ಸಿಕ್ಕಿತು. ಅದೇ ಧಾರಾವಾಹಿಯ ಪಾತ್ರಗಳನ್ನು ಎತ್ತಿಕೊಂಡು ನೀವು ಫೋನಿನಲ್ಲಿ ಕಂತುಕಂತಾಗಿ ಹಾಕುತ್ತಿದ್ದ ಕಥೆಯನ್ನು ನಿಮ್ಮ ಓದುಗರಲ್ಲಿ ಒಬ್ಬಳು ಕೈಬರಹದಲ್ಲಿ ಇಳಿಸಿಕೊಂಡಿದ್ದಾಳೆ, ಕೆಳಗೆ ಜನ ಹಾಕಿದ ಕಾಮೆಂಟುಗಳ ಸಮೇತ. ಹದಿನೇಳರಿಂದ ಇಪ್ಪತ್ತೆರಡನೆಯ ಅಧ್ಯಾಯದವರೆಗೆ ಗೆದ್ದಲು ತಿಂದಿದೆ. ಧಾರಾವಾಹಿಯ ಇಂದುಮುಖಿಯನ್ನು ನಾವು ಬಲ್ಲೆವು. ಹಿರಿಸೊಸೆ, ಪಾಯಸಕ್ಕೆ ವಿಷ ಹಾಕುವವಳು, ಕೊನೆಯ ಕಂತಿನಲ್ಲಿ ಕಿರಿಸೊಸೆ ಪಾವನಾಳ ಕಾಲು ಹಿಡಿದು ಸತ್ತವಳು. ನಿಮ್ಮ ಇಂದುಮುಖಿ ಮೊದಲ ಪುಟದಲ್ಲೇ ಕೋಣೆಗೆ ಬಂದು ಬಾಗಿಲು ಹಾಕಿ, ಸರ ಬಿಚ್ಚಿ, ಕುತ್ತಿಗೆ ತುರಿಸಿಕೊಂಡು, ಮಾಸಿದ ನೈಟಿ ತೊಟ್ಟು, ತಣ್ಣನೆಯ ಅನ್ನಕ್ಕೆ ಉಪ್ಪಿನಕಾಯಿ ಕಲಸಿ ತಿಂದಳು. ಅವ್ವ ಅದನ್ನು ಓದಿ ನಕ್ಕಳು, ನಗುತ್ತಲೇ ಅತ್ತಳು. “ಇಷ್ಟ್ ವರ್ಷ ಆ ಗೊಂಬಿಗೆ ಎಂಥಾ ಶಿಕ್ಷಾ ಕೊಟ್ನವಾ ನಾನು!” ಅಂದಳು. ಮರುದಿನವೇ ಅಂದಾಜಿನ ಮೇಲೆ ಒಂದು ಹತ್ತಿಯ ನೈಟಿ ಹೊಲಿದು ಬೊಂಬೆಗೆ ತೊಡಿಸಿದಳು. ಮೇಲಿನವರು ನೋಟಿಸು ಕೊಟ್ಟರು. ಆಕೆ ಅದನ್ನು ಮಡಚಿ ಅಲುಗಾಡುತ್ತಿದ್ದ ಮಂಚದ ಕಾಲಿನ ಕೆಳಗೆ ಇಟ್ಟಳು.

ಹೊಗಳಿದೆನೆಂದು ಉಬ್ಬಬೇಡಿ, ನಿಮ್ಮ ಮೇಲೆ ನನಗೆ ಜಗಳವೂ ಇದೆ. ಮೊದಲ ಹತ್ತು ಅಧ್ಯಾಯಗಳಲ್ಲಿ ಇಂದುಮುಖಿಯನ್ನು ಒಳ್ಳೆಯವಳು ಮಾಡುವ ಭರದಲ್ಲಿ ನೀವು ಪಾವನಾಳನ್ನು ಕಳ್ಳಿ, ನಾಟಕದವಳು, ಸುಳ್ಳಿ ಮಾಡಿಬಿಟ್ಟಿರಿ. ಪಾಪ, ಸಾವಿರದ ಇನ್ನೂರು ಕಂತು ಅತ್ತು ಅತ್ತು ಸುಸ್ತಾದವಳು! ಒಬ್ಬಳನ್ನು ಎತ್ತಲು ಇನ್ನೊಬ್ಬಳ ತಲೆ ಮೆಟ್ಟಬೇಕೆ? ಆ ಧಾರಾವಾಹಿಯವರಿಗೂ ನಿಮಗೂ ಏನು ವ್ಯತ್ಯಾಸ ಉಳಿಯಿತು? ಆದರೆ ಮೂವತ್ತನೆಯ ಅಧ್ಯಾಯದಲ್ಲಿ ನಿಮಗೇ ಅದು ಹೊಳೆದಿರಬೇಕು. ಇಬ್ಬರೂ ಹಿತ್ತಲಲ್ಲಿ ಕೂತು ಬೆಳ್ಳುಳ್ಳಿ ಸುಲಿಯುತ್ತಾರೆ, ಗಂಡಸರ ಸುದ್ದಿಯನ್ನೇ ಎತ್ತುವುದಿಲ್ಲ, ಇಂದುಮುಖಿ ತಾನು ಬಿ.ಎಡ್ ಮಾಡಿದ್ದು ಹೇಳುತ್ತಾಳೆ, ಪಾವನಾ ಬೆಳ್ಳುಳ್ಳಿ ಬುಟ್ಟಿ ಪಕ್ಕಕ್ಕಿಟ್ಟು “ಹಾಗಾದ್ರೆ ಇಲ್ಲೇನ್ ಮಾಡ್ತಿದೀಯ ಅಕ್ಕಾ?” ಎನ್ನುತ್ತಾಳೆ. ಆ ಪುಟದ ಮೇಲೆ ಎಣ್ಣೆ ಕೈಯ ಗುರುತಿದೆ. ನಕಲು ಮಾಡಿದ ಹುಡುಗಿ ಅದನ್ನು ಅಡುಗೆಮನೆಗೂ ಒಯ್ದಿದ್ದಳು ಎಂದು ಅವ್ವ ಹೇಳುತ್ತಾಳೆ.

ನಲವತ್ತೊಂದರಲ್ಲಿ ಇಂದುಮುಖಿ ಬೆಳಿಗ್ಗೆ ಏಳೂವರೆಗೆ ಚೀಲ ಹಿಡಿದು ಬಸ್ ನಿಲ್ದಾಣಕ್ಕೆ ಬರುತ್ತಾಳೆ. ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ನೆಲದ ಮೇಲೆ. ಫೋನ್ ಹೊಡೆದುಕೊಳ್ಳುತ್ತದೆ, ಮನೆಯಿಂದ. ಅಲ್ಲಿಗೆ ಮುಗಿಯಿತು. ಕೆಳಗೆ ಕಾಮೆಂಟುಗಳು: ಇವಳು ಸಾಯಲೇಬೇಕು. ವಾಪಸ್ ಹೋಗಿ ಕ್ಷಮೆ ಕೇಳಲಿ. ಇನ್ನೊಂದು ಮದುವೆ ಮಾಡಿಸಿ. ನಿಮಗೆ ಮನೆಯಲ್ಲಿ ಕೆಲಸ ಇಲ್ವಾ ಮೇಡಂ. ಅದರ ಕೆಳಗೆ ನೀವು ಬರೆದದ್ದು: “ಸಾಕಾಯ್ತು. ನಾಳೆ ಎಲ್ಲಾ ಅಳಿಸ್ತೀನಿ.” ಆ ‘ನಾಳೆ’ಗೆ ಮುಂಚೆ ಈ ಕಾಗದ ನಿಮ್ಮ ಕೈಸೇರಲಿ ಎಂದು ಹಿಂದಂಚೆಯವರಿಗೆ ಕೈಮುಗಿದು ಕೇಳಿದ್ದೇನೆ.

ನಮ್ಮಲ್ಲಿ ‘ಒಡನೋದು’ ಎಂಬ ಪದ್ಧತಿಯಿದೆ. ಹೊರಡುವ ಕಾಲ ಬಂದವರ ಪಕ್ಕದಲ್ಲಿ ಕೂತು ಅವರಿಗಿಷ್ಟದ ಕಥೆಯನ್ನು ದಿನಕ್ಕೊಂದು ಅಧ್ಯಾಯ ಓದುತ್ತೇವೆ. ಊಟವಾದ ಮೇಲೆ, ಕಿಟಕಿ ತೆರೆದಿಟ್ಟು. ಕಥೆ ಅರ್ಧಕ್ಕೆ ನಿಲ್ಲಬಾರದು, ಮತ್ತು ಶುರು ಮಾಡಿದವರೇ ಅದನ್ನು ಮುಗಿಸಿರಬೇಕು, ಬೇರೆಯವರು ಬಾಲ ಜೋಡಿಸುವ ಹಾಗಿಲ್ಲ. ಅವ್ವ ನಿಮ್ಮದನ್ನೇ ಕೇಳಿದಳು. ಮೂರು ಸಲ ಓದಿದೆ. ಮೂರು ಸಲವೂ ನಲವತ್ತೊಂದರ ಕೊನೆಗೆ ಆಕೆ ಕಣ್ಣು ಬಿಟ್ಟು “ಅಕಿ ಬಸ್ ಹತ್ತಿದ್ಲೇನ?” ಎಂದು ಕೇಳಿದಳು. ಅದಕ್ಕೇ ನಲವತ್ತೆರಡನ್ನು ಬರೆಯಿರಿ ಎಂದು ಬೇಡಲು ಕೂತೆ.

ಇಲ್ಲಿಯವರೆಗೆ ಬರೆದಿದ್ದೆ. ಅವ್ವ ಮಲಗಿದಲ್ಲಿಂದಲೇ ಏನು ಬರೆಯುತ್ತಿದ್ದೀ ಎಂದಳು. ಹೇಳಿದೆ.

“ಅಯ್ಯ ಹುಚ್ಚಿ,” ಅಂದಳು. “ಇಂದುಮುಖಿನ್ನ ಬರಿಯಾಕ ಆ ಹುರಿಗಾಳು ಯಾರ ಅಪ್ಪಣಿ ತಗೊಂಡಿದ್ಲು? ಪಾಪ, ನಿಂತು ನಿಂತು ಅಕಿ ಕಾಲು ಸೆಳಿಯಾಕತ್ತಿರಬೇಕು. ತಗೊ, ಬರಿ.”

ನನಗೆ ಹೊಳೆಯದೇ ಹೋದದ್ದಕ್ಕೆ ನಾಚಿಕೆಯಾಯಿತು. ಅವ್ವ ಹೇಳಿದಳು, ನಾನು ಬರೆದೆ. ಇಂದುಮುಖಿ ಫೋನನ್ನು ಚೀಲದಲ್ಲಿ, ಬುತ್ತಿಯ ಕೆಳಗೆ ಇಟ್ಟಳು. ಅದು ಹೊಡೆದುಕೊಳ್ಳುತ್ತಲೇ ಇತ್ತು. ಕಂಡಕ್ಟರು “ಒಳಗ ಬರ್ರೀ ಅಕ್ಕಾರ, ಬಾಗಲದಾಗ ನಿಂದರಬ್ಯಾಡ್ರಿ” ಅಂದ. ಆಕೆ ನೆಲದ ಮೇಲಿನ ಕಾಲನ್ನೂ ಎತ್ತಿ ಒಳಗಿಟ್ಟಳು. ಕಿಟಕಿ ಪಕ್ಕ ಕೂತು ಚಪ್ಪಲಿ ಬಿಚ್ಚಿದಳು. “ಎಲ್ಲಿಗ್ರೀ?” ಎಂದು ಕಂಡಕ್ಟರು ಕೇಳಿದ. ಅಷ್ಟು ಹೇಳಿ ಅವ್ವ ನಿದ್ದೆ ಹೋದಳು. ಮೂರನೆಯ ದಿನ ಮಧ್ಯಾಹ್ನ, ಕಿಟಕಿ ತೆರೆದಿದ್ದಾಗ, ತೀರಿಕೊಂಡಳು.

ಮುತ್ತೈದೆಯ ಹಾಗೆ ರೇಷ್ಮೆ ಉಡಿಸಿ, ಮೈತುಂಬ ಒಡವೆ ಹಾಕಿ ಕಳಿಸೋಣ, ನೋಡಲು ಲಕ್ಷಣವಾಗಿರುತ್ತದೆ ಎಂದರು ನೆಂಟರು. ನಾನು ಒಪ್ಪಲಿಲ್ಲ. ಉಳಿಮನೆಗೆ ಹೋಗಿ ಬೊಂಬೆಯ ಮೈಮೇಲಿನ ನೈಟಿ ಬಿಚ್ಚಿ ತಂದೆ. ತೊಳೆದು ತೊಳೆದು ಮೆತ್ತಗಾಗಿತ್ತು. ಅದನ್ನೇ ಅವ್ವನಿಗೆ ತೊಡಿಸಿದೆ, ಕುತ್ತಿಗೆ ಬರಿದಾಗಿ ಬಿಟ್ಟೆ. ಬೊಂಬೆಗೆ ಇನ್ನೊಂದು ಹೊಲಿಯುತ್ತಿದ್ದೇನೆ. ನನ್ನ ಹೊಲಿಗೆ ಅವ್ವನಷ್ಟು ನೇರವಿಲ್ಲ.

ಆದ್ದರಿಂದ ಅಕ್ಕಾ, ನಲವತ್ತೆರಡು ಬರೆಯಿರಿ ಎಂದು ಈಗ ಕೇಳುವುದಿಲ್ಲ. ಬರೆದರೆ ಸಂತೋಷ, ಬರೆಯದಿದ್ದರೆ ಬೇರೆ ಯಾರಾದರೂ ಬರೆದಾರು. ಅಳಿಸಬೇಡಿ, ಅಷ್ಟೇ. ಗೆದ್ದಲು ತಿಂದ ಆ ಆರು ಅಧ್ಯಾಯಗಳೂ ಎಲ್ಲೋ ಯಾರ ಕೈಗೋ ಸಿಗಲಿ. ನೂರೈವತ್ತು ವರ್ಷ ನಿಂತಿದ್ದವಳು ಈಗಷ್ಟೇ ಕೂತಿದ್ದಾಳೆ. ಅವಳನ್ನು ಬಸ್ಸಿನಿಂದ ಇಳಿಸಬೇಡಿ.

ನಿಮ್ಮ ತಂಗಿಯಂಥವಳು,
ದಾನಮ್ಮ